ಹೇಳಿದ ನೋವು ಚೀಟಿಗೆ ಇಳಿಯಬೇಕು: ಆಸ್ಪತ್ರೆಗೆ ಹೋಗುವ ಹೆಣ್ಣುಮಕ್ಕಳಿಗೊಂದು ಕೈಪಿಡಿ

ಎದೆ ಬಿಗಿಯುತ್ತಿದೆ, ಉಸಿರು ಕಟ್ಟಿದಂತಾಗುತ್ತಿದೆ ಎಂದು ಐವತ್ತರ ಆಸುಪಾಸಿನ ಗಂಡಸೊಬ್ಬರು ಹೇಳಿದರೆ ಹೆಚ್ಚಿನ ಆಸ್ಪತ್ರೆಗಳಲ್ಲಿ ಮೊದಲು ಇಸಿಜಿ ತೆಗೆಯುತ್ತಾರೆ. ಅದೇ ವಯಸ್ಸಿನ ಹೆಂಗಸು ಅದೇ ಮಾತು ಹೇಳಿದಾಗ ಗ್ಯಾಸ್ಟ್ರಿಕ್ ಇರಬೇಕು, ಟೆನ್ಶನ್ ಮಾಡಿಕೊಂಡಿದ್ದೀರಿ, ಮುಟ್ಟು ನಿಲ್ಲುವ ಕಾಲ ಎಂಬ ಮೂರರಲ್ಲಿ ಒಂದು ಉತ್ತರ ಸಿಕ್ಕರೆ ಯಾರೂ ಆಶ್ಚರ್ಯಪಡುವುದಿಲ್ಲ. ಇದು ನಮ್ಮ ಊರಿನ ಕ್ಲಿನಿಕ್ಕುಗಳಿಗಷ್ಟೇ ಅಂಟಿದ ರೋಗವಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಮೊದಲ ಮಹಿಳಾ ನಿರ್ದೇಶಕಿ, ಹೃದ್ರೋಗ ತಜ್ಞೆ ಬರ್ನಡೀನ್ ಹೀಲಿ ಅವರು 1991ರಲ್ಲೇ ಇದನ್ನು ಬರೆದಿದ್ದರು: ತನ್ನ ಹೃದಯದ ಕಾಯಿಲೆಯೂ ಗಂಡಸಿನ ಕಾಯಿಲೆಯಷ್ಟೇ ದೊಡ್ಡದೆಂದು ರುಜುವಾತಾಗುವ ತನಕ ಹೆಣ್ಣಿಗೆ ಅವನಿಗೆ ಸಿಗುವ ಚಿಕಿತ್ಸೆ ಸಿಗುವುದಿಲ್ಲ ಎಂಬುದು ಅವರ ವಾದದ ತಿರುಳು. ಔಷಧಗಳ ಕತೆಯೂ ಬೇರೆಯಲ್ಲ. ಗರ್ಭ ಧರಿಸಬಹುದಾದ ವಯಸ್ಸಿನ ಹೆಂಗಸರನ್ನು ಆರಂಭಿಕ ಹಂತದ ಪ್ರಯೋಗಗಳಿಂದ ಹೊರಗಿಡಬೇಕೆಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1977ರಲ್ಲಿ ಸೂಚಿಸಿತ್ತು; ಆ ಸೂಚನೆ 1993ರವರೆಗೂ ಜಾರಿಯಲ್ಲಿತ್ತು. ಜೋಲ್ಪಿಡೆಮ್ ಎಂಬ ನಿದ್ರೆ ಮಾತ್ರೆಯನ್ನು ಜನ ವರ್ಷಗಟ್ಟಲೆ ನುಂಗಿದ ಮೇಲೆ, ಅದು ಹೆಂಗಸರ ಮೈಯಲ್ಲಿ ನಿಧಾನವಾಗಿ ಕರಗುತ್ತದೆ ಎಂಬ ಕಾರಣಕ್ಕೆ ಅವರ ಪ್ರಮಾಣವನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿದ್ದು 2013ರಲ್ಲಿ. ಹಾಗಾಗಿ ಒಂದು ಮಾತ್ರೆಯಿಂದ ವಿಪರೀತ ಮಂಪರು ಬರುತ್ತಿದೆ ಎಂದು ನಿಮಗನ್ನಿಸಿದರೆ ಅದನ್ನು ವೈದ್ಯರಿಗೆ ಹೇಳಲು ಸಂಕೋಚಪಡಬೇಕಿಲ್ಲ.

ನಮ್ಮ ದೇಶದಲ್ಲಿ ತಾರತಮ್ಯ ವೈದ್ಯರ ಕೋಣೆಯ ಹೊರಗೇ ಶುರುವಾಗುತ್ತದೆ. ದೆಹಲಿಯ ಏಮ್ಸ್ ಆಸ್ಪತ್ರೆಯ 2016ರ ಹೊರರೋಗಿಗಳ ದಾಖಲೆಯನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿಗೆ ಬಂದ ಪ್ರತಿ ಒಬ್ಬ ಹೆಣ್ಣಿಗೆ 1.69 ಗಂಡಸರಿದ್ದರು. ದೆಹಲಿಯವರೇ ಆದ ರೋಗಿಗಳಲ್ಲಿ ಈ ಅಂತರ ಕಡಿಮೆ. ದೂರದ ಬಿಹಾರದಿಂದ ಬಂದವರಲ್ಲಿ ಅದು 2.37ಕ್ಕೆ ಏರಿತ್ತು. ಪ್ರಯಾಣ ದೂರವಾದಷ್ಟೂ, ಖರ್ಚು ಹೆಚ್ಚಾದಷ್ಟೂ ಮನೆಯವರು ಹೆಣ್ಣಿನ ಕಾಯಿಲೆಯನ್ನು ಮುಂದೂಡುತ್ತಾರೆ ಎಂಬುದನ್ನು ಬೇರೆ ಮಾತಿನಲ್ಲಿ ಹೇಳಬೇಕಿಲ್ಲ. ಅವಳೂ ಮುಂದೂಡುತ್ತಾಳೆ: ಮಗಳ ಪರೀಕ್ಷೆ ಮುಗಿಯಲಿ, ಸುಗ್ಗಿ ಮುಗಿಯಲಿ, ಹಬ್ಬ ಕಳೆಯಲಿ.

ಇಷ್ಟೆಲ್ಲ ದಾಟಿ ಅವಳು ವೈದ್ಯರ ಎದುರು ಕೂರುವ ಹೊತ್ತಿಗೆ ಸಿಗುವ ಸಮಯ ಬಹಳ ಕಡಿಮೆ. ಭಾರತದಲ್ಲಿ ಪ್ರಾಥಮಿಕ ಹಂತದ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸರಾಸರಿ ಎರಡು ನಿಮಿಷದಷ್ಟೇ ಎಂದು ಹಲವು ದೇಶಗಳನ್ನು ಹೋಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ಆ ಎರಡು ನಿಮಿಷದಲ್ಲಿ ವೈದ್ಯರು ಕೇಳಿಸಿಕೊಂಡದ್ದು ಬೇರೆ, ಚೀಟಿಯಲ್ಲಿ ಬರೆದದ್ದು ಬೇರೆ ಆಗಿರಬಹುದು. ಮುಂದಿನ ವೈದ್ಯರು, ಲ್ಯಾಬಿನವರು, ವಿಮಾ ಕಂಪನಿ, ನಾಳೆ ದೂರು ಕೊಡಬೇಕಾಗಿ ಬಂದರೆ ನ್ಯಾಯಾಲಯ, ಇವರೆಲ್ಲ ನೋಡುವುದು ಬರೆದದ್ದನ್ನು ಮಾತ್ರ. ಆದ್ದರಿಂದ ಈ ಬರಹದಲ್ಲಿ ಹೇಳುವ ಉಪಾಯಗಳೆಲ್ಲ ಹೆಚ್ಚುಕಡಿಮೆ ಒಂದೇ ಗುರಿಯವು: ನೀವು ಬಾಯಲ್ಲಿ ಹೇಳಿದ ತೊಂದರೆ, ಅದಕ್ಕೆ ವೈದ್ಯರು ಕೊಟ್ಟ ಉತ್ತರ, ಎರಡೂ ಕಾಗದಕ್ಕೆ ಇಳಿಯುವಂತೆ ನೋಡಿಕೊಳ್ಳುವುದು.

ಹೊರಡುವ ಮೊದಲು ಒಂದು ಹಾಳೆ

“ಹೊಟ್ಟೆ ನೋವು ಡಾಕ್ಟ್ರೇ, ತುಂಬಾ ಸುಸ್ತು” ಎಂಬ ದೂರು ವೈದ್ಯರ ಕಿವಿಗೆ ದಿನಕ್ಕೆ ಎಷ್ಟೋ ಸಲ ಬೀಳುತ್ತದೆ. ಅದು ಚೀಟಿಯಲ್ಲಿ “ಪೇನ್ ಅಬ್ಡಮೆನ್, ವೀಕ್‌ನೆಸ್” ಎಂಬ ಒಂದೇ ಸಾಲಾಗಿ, ಅದರ ಕೆಳಗೆ ಅಸಿಡಿಟಿ ಮಾತ್ರೆ ಮತ್ತು ವಿಟಮಿನ್ ಟಾನಿಕ್ ಆಗಿ ಮುಗಿದುಹೋಗುತ್ತದೆ. ಅದೇ ಹೆಂಗಸು ಹೀಗೆ ಹೇಳಿದಳೆನ್ನಿ: “ಎಂಟು ತಿಂಗಳಿಂದ ಮುಟ್ಟು ಒಂಬತ್ತು ದಿನ ಹೋಗ್ತಿದೆ. ಮೊದಲ ಮೂರು ದಿನ ಎರಡು ಗಂಟೆಗೊಂದು ಪ್ಯಾಡ್ ಬದಲಾಯಿಸ್ಬೇಕು, ರಾತ್ರಿ ಎದ್ದು ಬದಲಾಯಿಸ್ತೀನಿ. ಗಡ್ಡೆ ಗಡ್ಡೆಯಾಗಿ ಹೋಗುತ್ತೆ. ಎಡಗಡೆ ಕಿಬ್ಬೊಟ್ಟೆ ನೋವು ಮುಟ್ಟಿಗೆ ಎರಡು ದಿನ ಮುಂಚೆ ಶುರುವಾಗುತ್ತೆ. ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತೆ, ಮೂರು ತಿಂಗಳ ಹಿಂದೆ ಬರ್ತಿರಲಿಲ್ಲ.” ಇದನ್ನು ಕೇಳಿದ ಮೇಲೆ ಹಿಮೋಗ್ಲೋಬಿನ್ ಪರೀಕ್ಷೆ ಮತ್ತು ಸ್ಕ್ಯಾನಿಂಗ್ ಬರೆಯದೆ ಇರುವುದು ವೈದ್ಯರಿಗೇ ಕಷ್ಟ. ಇಲ್ಲಿ ಕೆಲಸ ಮಾಡಿದ್ದು ಜೋರು ದನಿಯಲ್ಲ, ಲೆಕ್ಕ.

ಹಾಳೆಯ ಮೇಲೆ ಹೀಗೆ ಬರೆದುಕೊಳ್ಳಿ: ತೊಂದರೆ ಯಾವಾಗ ಶುರುವಾಯಿತು, ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಯಾವುದರಿಂದ ಹೆಚ್ಚುತ್ತದೆ, ಯಾವುದರಿಂದ ಕಡಿಮೆಯಾಗುತ್ತದೆ, ಮತ್ತು ಅದರಿಂದ ಯಾವ ಕೆಲಸ ನಿಂತಿದೆ. ಕೊನೆಯದು ಬಹಳ ಮುಖ್ಯ. “ನೋವು ಜಾಸ್ತಿ” ಎಂಬ ಮಾತು ಅಳತೆಗೆ ಸಿಗುವುದಿಲ್ಲ. “ತಿಂಗಳಿಗೆ ಎರಡು ದಿನ ಕೆಲಸಕ್ಕೆ ಹೋಗಲು ಆಗುತ್ತಿಲ್ಲ, ಕೊಡ ಎತ್ತಲು ಆಗುತ್ತಿಲ್ಲ” ಎಂಬುದು ಸಿಗುತ್ತದೆ. ಕೊನೆಯ ಮುಟ್ಟಿನ ತಾರೀಕು, ಈಗ ನುಂಗುತ್ತಿರುವ ಮಾತ್ರೆಗಳು (ನಾಟಿ ಔಷಧಿಯನ್ನೂ ಮೆಡಿಕಲ್ ಶಾಪಿನಿಂದ ಕೇಳಿ ತಂದದ್ದನ್ನೂ ಬಿಡದೆ), ಹಳೆಯ ಶಸ್ತ್ರಚಿಕಿತ್ಸೆಗಳು, ಮನೆತನದಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್, ಚಿಕ್ಕ ವಯಸ್ಸಿನ ಹೃದಯಾಘಾತ ಇದ್ದರೆ ಅದೂ ಇರಲಿ. ಬಸಿರಿನಲ್ಲಿ ಬಿಪಿ ಅಥವಾ ಸಕ್ಕರೆ ಬಂದಿದ್ದರೆ, ಅದು ಇಪ್ಪತ್ತು ವರ್ಷದ ಹಿಂದಿನ ಮಾತಾದರೂ ಬರೆಯಿರಿ. ಹೆರಿಗೆಯಾದ ಮೇಲೆ ಅದನ್ನು ಎಲ್ಲರೂ ಮರೆತುಬಿಡುತ್ತಾರೆ. ಆದರೆ ಬಸಿರಿನ ಬಿಪಿ ಮುಂದೆ ಹೃದಯದ ಕಾಯಿಲೆಯ ಅಪಾಯವನ್ನೂ ಬಸಿರಿನ ಸಕ್ಕರೆ ಮುಂದೆ ಮಧುಮೇಹದ ಅಪಾಯವನ್ನೂ ಹೆಚ್ಚಿಸುತ್ತದೆ.

ಹಾಳೆಯ ಕೊನೆಯಲ್ಲಿ ಮೂರು ಪ್ರಶ್ನೆ ಸಾಕು, ಅತಿ ಮುಖ್ಯವಾದದ್ದು ಮೊದಲು. ಹೊರಡುವಾಗ ಬಾಗಿಲಲ್ಲಿ ನಿಂತು “ಇನ್ನೊಂದು ವಿಷಯ ಡಾಕ್ಟ್ರೇ” ಎಂದು ಹೇಳುವ ವಿಷಯವೇ ಎಷ್ಟೋ ಸಲ ನಿಜವಾದ ಕಾಯಿಲೆಯಾಗಿರುತ್ತದೆ, ಅಷ್ಟು ಹೊತ್ತಿಗೆ ಮುಂದಿನ ಟೋಕನ್ ಕರೆದಿರುತ್ತಾರೆ. ಸ್ತ್ರೀರೋಗದ ವಿಷಯ ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಹಾಳೆಯನ್ನೇ ಮುಂದಿಡಬಹುದು. ಬರೆಯಲು ಬಾರದವರಿಗೆ ಮಗಳೋ, ಆಶಾ ಕಾರ್ಯಕರ್ತೆಯೋ, ಪಕ್ಕದ ಮನೆಯ ಹುಡುಗಿಯೋ ಬರೆದುಕೊಡಬಹುದು.

ಕೋಣೆಯೊಳಗೆ

ಜೊತೆಗೆ ಯಾರು ಬರಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ. ಗಂಡನೋ ಮಗನೋ ಜೊತೆಗಿದ್ದರೆ ವೈದ್ಯರು ಅವರನ್ನೇ ನೋಡಿ ಮಾತನಾಡುವುದು, ಅವರು “ಏನಿಲ್ಲ ಸಾರ್, ಸ್ವಲ್ಪ ಜಾಸ್ತಿ ಯೋಚನೆ ಮಾಡ್ತಾಳೆ” ಎಂದು ಷರಾ ಬರೆದಂತೆ ಹೇಳಿಬಿಡುವುದು ಎಲ್ಲರೂ ಕಂಡ ಸಂಗತಿ. ಜೊತೆಗಾರರು ಬೇಡವೆಂದಲ್ಲ, ವೈದ್ಯರು ಹೇಳಿದ್ದನ್ನು ನೆನಪಿಟ್ಟುಕೊಳ್ಳಲು ಇನ್ನೊಂದು ಜೊತೆ ಕಿವಿ ಇರುವುದು ಒಳ್ಳೆಯದೇ. ಆದರೆ ಯಾರು ಏನು ಹೇಳಬೇಕು ಎಂಬುದು ಮನೆಯಲ್ಲೇ ತೀರ್ಮಾನವಾಗಿರಲಿ: ತೊಂದರೆಯನ್ನು ನಾನು ಹೇಳುತ್ತೇನೆ, ನೀವು ಬರೆದುಕೊಳ್ಳಿ. ಮನೆಯವರ ಎದುರು ಹೇಳಲಾಗದ ವಿಷಯವಿದ್ದರೆ, ಅದು ಗರ್ಭಪಾತವಾಗಿರಲಿ, ಹೊಡೆತವಾಗಿರಲಿ, ಲೈಂಗಿಕ ತೊಂದರೆಯಾಗಿರಲಿ, “ಎರಡು ನಿಮಿಷ ಒಬ್ಬಳೇ ಮಾತಾಡ್ಬೇಕು” ಎಂದು ನರ್ಸ್ ಬಳಿ ಮೊದಲೇ ಹೇಳಿದರೆ ಅವರೇ ಜೊತೆಗಾರರನ್ನು ಹೊರಗೆ ಕೂರಿಸುತ್ತಾರೆ.

ಮದುವೆಯಾಗದ ಹುಡುಗಿಯರ ಪಾಡು ಬೇರೆಯೇ. “ಮದುವೆ ಆಗಿದೆಯಾ?” ಎಂದು ವೈದ್ಯರು ಕೇಳುವಾಗ ಅವರಿಗೆ ಬೇಕಾದದ್ದು ಲೈಂಗಿಕ ಸಂಪರ್ಕವಾಗಿದೆಯೇ ಎಂಬ ಮಾಹಿತಿ. ತಾಯಿಯ ಎದುರು ಇಲ್ಲ ಎಂದರೆ ಗರ್ಭದ ಪರೀಕ್ಷೆಯೂ ಸೋಂಕಿನ ಪರೀಕ್ಷೆಯೂ ಬಿಟ್ಟುಹೋಗುತ್ತವೆ. ಏಕಾಂತದಲ್ಲಿ ನಿಜ ಹೇಳುವುದೇ ಕ್ಷೇಮ. ಅದನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ಇನ್ನು “ಮದುವೆ ಆದ್ರೆ ಸರಿಹೋಗುತ್ತೆ”, “ಒಂದು ಮಗು ಆದ್ರೆ ನೋವು ಹೋಗುತ್ತೆ” ಎಂಬ ಸಲಹೆಗಳನ್ನು ಚಿಕಿತ್ಸೆ ಎಂದು ಭಾವಿಸಬೇಕಿಲ್ಲ, ಅದನ್ನು ಹೇಳಿದವರು ವೈದ್ಯೆಯೇ ಆಗಿದ್ದರೂ. ಹೆಂಗಸರ ನೋವನ್ನು ಹಗುರವಾಗಿ ಕಾಣುವುದರಲ್ಲಿ ವೈದ್ಯೆಯರು ಹಿಂದೆ ಬಿದ್ದಿಲ್ಲ. ಅವರೂ ಓದಿದ್ದು ಅದೇ ಪುಸ್ತಕ, ಬೆಳೆದದ್ದು ಅದೇ ಮನೆಗಳಲ್ಲಿ.

“ಏನೂ ಇಲ್ಲ, ಟೆನ್ಶನ್ ಕಡಿಮೆ ಮಾಡಿ” ಎಂಬ ಮಾತು ಬಂದಾಗ ವಾದಕ್ಕೆ ಇಳಿಯುವುದರಿಂದ ಪ್ರಯೋಜನವಿಲ್ಲ. ಮೂರು ಪ್ರಶ್ನೆಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. “ಈ ನೋವಿಗೆ ಟೆನ್ಶನ್ ಬಿಟ್ಟು ಬೇರೆ ಏನೇನು ಕಾರಣ ಇರಬಹುದು?” “ಆ ಕಾರಣಗಳು ಅಲ್ಲ ಅಂತ ಯಾವುದರಿಂದ ಗೊತ್ತಾಯ್ತು?” “ಈ ಮಾತ್ರೆಯಲ್ಲಿ ಎಷ್ಟು ದಿನದಲ್ಲಿ ಕಡಿಮೆ ಆಗ್ಬೇಕು, ಆಗದಿದ್ರೆ ಮುಂದೇನು?” ಈ ಪ್ರಶ್ನೆಗಳಲ್ಲಿ ಯಾವುದೂ ವೈದ್ಯರ ಅರ್ಹತೆಯನ್ನು ಕೆಣಕುವುದಿಲ್ಲ, ಆದರೆ ಮೂರಕ್ಕೂ ಉತ್ತರಿಸಬೇಕಾದರೆ ಅವರು ಇನ್ನೊಮ್ಮೆ ಯೋಚಿಸಲೇಬೇಕು. ನೀವು ಕೇಳಿದ ಪರೀಕ್ಷೆಯನ್ನು ಬೇಡವೆಂದರೆ, “ಆಯ್ತು ಡಾಕ್ಟ್ರೇ, ನಾನು ಇಂಥ ತೊಂದರೆ ಹೇಳಿದ್ದು, ಸದ್ಯಕ್ಕೆ ಪರೀಕ್ಷೆ ಬೇಡ ಅಂದಿದ್ದು ಚೀಟಿಯಲ್ಲಿ ಬರೆದುಕೊಡಿ, ಮುಂದೆ ತೋರಿಸೋದಕ್ಕೆ ಬೇಕಾಗುತ್ತೆ” ಎಂದು ಸಮಾಧಾನವಾಗಿ ಕೇಳಿ. ಬರೆಯುವ ಹೊತ್ತಿಗೆ ಎಷ್ಟೋ ಸಲ ನಿರ್ಧಾರವೇ ಬದಲಾಗುತ್ತದೆ.

ಇಲ್ಲೊಂದು ಎಚ್ಚರ ಅಗತ್ಯ. ಖಿನ್ನತೆ, ಆತಂಕ ಎರಡೂ ನಿಜವಾದ ಕಾಯಿಲೆಗಳು, ಅವು ದೇಹದ ನೋವಾಗಿ ಕಾಣಿಸಿಕೊಳ್ಳುವುದೂ ಉಂಟು. ಮನೋವೈದ್ಯರ ಬಳಿ ಹೋಗಿ ಎಂದರೆ ಅದು ತಾನಾಗಿಯೇ ಅವಮಾನವಲ್ಲ. ಆಕ್ಷೇಪ ಇರಬೇಕಾದದ್ದು ಮುಟ್ಟಿ ನೋಡದೆ, ಪರೀಕ್ಷೆ ಮಾಡದೆ ಎಲ್ಲವನ್ನೂ ಮನಸ್ಸಿನ ಮೇಲೆ ಹಾಕುವುದಕ್ಕೆ. ಆತಂಕದ ಕಾಯಿಲೆ ಇರುವ ಹೆಂಗಸಿಗೆ ಥೈರಾಯ್ಡ್ ತೊಂದರೆಯೂ ಹೃದಯದ ತೊಂದರೆಯೂ ಬರಬಹುದಲ್ಲ.

ಎದೆ, ರಕ್ತ, ಮುಟ್ಟು

ಹೃದಯಾಘಾತದಲ್ಲಿ ಹೆಂಗಸರಿಗೂ ಹೆಚ್ಚಾಗಿ ಕಾಣುವುದು ಎದೆನೋವು ಅಥವಾ ಎದೆಬಿಗಿತವೇ. ಅದರೊಂದಿಗೆ ಅಥವಾ ಅದಿಲ್ಲದೆಯೂ ದವಡೆ, ಬೆನ್ನು, ಭುಜದ ನೋವು, ವಾಕರಿಕೆ, ಉಸಿರಾಟದ ಕಷ್ಟ, ತಣ್ಣನೆಯ ಬೆವರು, ಹಿಂದೆಂದೂ ಇಲ್ಲದಂಥ ನಿತ್ರಾಣ ಅವರಲ್ಲಿ ಹೆಚ್ಚು. ಸಕ್ಕರೆ ಕಾಯಿಲೆ ಇರುವವರಲ್ಲಿ ನೋವು ತೀರ ಕಡಿಮೆ ಇರಬಹುದು. ಇಂಥ ಹೊತ್ತಿನಲ್ಲಿ ಸೋಡಾ ಕುಡಿದು ಕಾಯಬಾರದು. 108ಕ್ಕೆ ಕರೆ ಮಾಡಿ ಅಥವಾ ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ, ಬಾಗಿಲಲ್ಲೇ “ಎದೆ ತೊಂದರೆ, ಇಸಿಜಿ ತೆಗೀಬೇಕು” ಎನ್ನಿ. ಆಸ್ಪತ್ರೆ ತಲುಪಿದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ವೈದ್ಯಲೋಕ ಒಪ್ಪಿದ ಮಾನದಂಡ. ಮೊದಲ ಇಸಿಜಿ ಸರಿಯಿದೆ ಎಂದ ಮಾತ್ರಕ್ಕೆ ಹೃದಯಾಘಾತ ಇಲ್ಲವೆಂದಾಗುವುದಿಲ್ಲ. ನೋವು ಮುಂದುವರಿದಿದ್ದರೆ ಅದನ್ನು ಮತ್ತೆ ತೆಗೆಯಬೇಕು, ಟ್ರೋಪೋನಿನ್ ಎಂಬ ರಕ್ತಪರೀಕ್ಷೆಯನ್ನೂ ಕೆಲವು ಗಂಟೆಗಳ ಅಂತರದಲ್ಲಿ ಎರಡು ಸಲ ಮಾಡಬೇಕಾಗಬಹುದು. “ಟ್ರೋಪೋನಿನ್ ಮಾಡಿದ್ರಾ?” ಎಂಬ ಒಂದು ಪ್ರಶ್ನೆ ಮನೆಯವರಿಗೆಲ್ಲ ಗೊತ್ತಿರಲಿ, ಏಕೆಂದರೆ ಆ ಹೊತ್ತಿನಲ್ಲಿ ರೋಗಿಗೆ ಮಾತನಾಡುವ ಶಕ್ತಿ ಇರುವುದಿಲ್ಲ. ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೂರದ ತಜ್ಞರಿಗೆ ಕಳಿಸುವ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಹಾಗಾಗಿ ದೊಡ್ಡ ಊರಿಗೆ ಹೋಗುವ ತನಕ ಕಾಯಬೇಕಿಲ್ಲ.

ರಕ್ತಹೀನತೆಯ ಸಮಸ್ಯೆ ಇದಕ್ಕೆ ತದ್ವಿರುದ್ಧ: ಅದು ಎಷ್ಟು ಸಾಮಾನ್ಯವೆಂದರೆ ಯಾರಿಗೂ ಅದು ಕಾಯಿಲೆ ಅನ್ನಿಸುವುದೇ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು, ಕರ್ನಾಟಕದಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. “ರಕ್ತ ಕಡಿಮೆ ಇದೆ, ಕಬ್ಬಿಣದ ಮಾತ್ರೆ ತಗೊಳ್ಳಿ” ಎಂದರೆ ಮಾತು ಅಲ್ಲಿಗೆ ಮುಗಿಯಬಾರದು. ಹಿಮೋಗ್ಲೋಬಿನ್ ಎಷ್ಟು ಎಂಬ ಅಂಕಿಯನ್ನು ಬರೆಸಿಕೊಳ್ಳಿ. ಬಸಿರಿಲ್ಲದ ಹೆಂಗಸಿಗೆ ಅದು 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ, 8ಕ್ಕಿಂತ ಕಡಿಮೆಯಿದ್ದರೆ ತೀವ್ರ ರಕ್ತಹೀನತೆ. ಬಳಿಕ ರಕ್ತ ಏಕೆ ಕಡಿಮೆಯಾಗುತ್ತಿದೆ ಎಂದು ಕೇಳಿ. ಅತಿಯಾದ ಮುಟ್ಟು, ಮೂಲವ್ಯಾಧಿ, ಜಂತುಹುಳು, ಬಿ12 ಕೊರತೆ, ವಂಶದಿಂದ ಬರುವ ರಕ್ತದ ಕಾಯಿಲೆ ಥಲಸ್ಸೀಮಿಯಾ ಹೀಗೆ ಕಾರಣಗಳು ಹಲವು, ಚಿಕಿತ್ಸೆಯೂ ಬೇರೆ ಬೇರೆ.

ಮುಟ್ಟಿನ ನೋವನ್ನು ಸಹಿಸುವುದು ಹೆಣ್ಣಿನ ಧರ್ಮವೆಂಬಂತೆ ಬೆಳೆಸುವ ಸಮಾಜದಲ್ಲಿ ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆ ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುತ್ತದೆ. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಅದರ ಹೊರಗೆ ಬೆಳೆಯುವ ಈ ತೊಂದರೆ, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ 10ರಷ್ಟು ಮಂದಿಗಿದೆ. ಮಾತ್ರೆಗೂ ಬಗ್ಗದ ಮುಟ್ಟಿನ ನೋವು, ಸಂಭೋಗದಲ್ಲಿ ನೋವು, ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಯ ನೋವು, ಮಕ್ಕಳಾಗದಿರುವುದು ಇವುಗಳಲ್ಲಿ ಎರಡು ಒಟ್ಟಿಗಿದ್ದರೆ ಆ ಹೆಸರನ್ನು ನೀವೇ ಎತ್ತಿ ಕೇಳಬಹುದು. ಮಾಮೂಲಿ ಸ್ಕ್ಯಾನಿಂಗ್ ನಾರ್ಮಲ್ ಬಂದರೂ ಈ ಕಾಯಿಲೆ ಇರಬಹುದು ಎಂಬುದು ನೆನಪಿರಲಿ. ನಮ್ಮ ದೇಶದಲ್ಲಿ ಇನ್ನೊಂದು ಸಂಗತಿಯನ್ನೂ ಮರೆಯುವಂತಿಲ್ಲ: ಗರ್ಭನಾಳ, ಗರ್ಭಕೋಶಗಳಿಗೆ ತಗಲುವ ಕ್ಷಯವು ಕೆಮ್ಮು ದಮ್ಮು ಏನೂ ಇಲ್ಲದೆ ಬಂಜೆತನಕ್ಕೂ ಕಿಬ್ಬೊಟ್ಟೆ ನೋವಿಗೂ ಕಾರಣವಾಗುತ್ತದೆ.

“ಗರ್ಭಕೋಶ ತೆಗೆಸಿಬಿಡಿ” ಎಂದಾಗ

ಹೆಣ್ಣಿನ ನೋವನ್ನು ಕಡೆಗಣಿಸುವುದು ತಾರತಮ್ಯದ ಒಂದು ಮುಖವಾದರೆ, ಅವಳ ಅಂಗವನ್ನು ಕಿತ್ತುಹಾಕಿ ಪ್ರಶ್ನೆಯನ್ನೇ ಮುಗಿಸುವುದು ಇನ್ನೊಂದು. 2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರು ಬೀದಿಗಿಳಿದಾಗ ಹೊರಬಂದ ಸಂಗತಿ ಇದೇ. ಹೊಟ್ಟೆನೋವು, ಸೊಂಟನೋವು, ಬಿಳಿಸೆರಗು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದವರಿಗೆ ಕ್ಯಾನ್ಸರ್ ಆಗಬಹುದೆಂಬ ಭಯ ಹುಟ್ಟಿಸಿ, ಗರ್ಭಕೋಶ ತೆಗೆದು ಕಳಿಸಲಾಗಿತ್ತು. ಅವರಲ್ಲಿ ಅನೇಕರು ಇನ್ನೂ ನಲವತ್ತು ದಾಟದವರು. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳಲ್ಲಿ ನಡೆದ ಇಂಥದೇ ಶಸ್ತ್ರಚಿಕಿತ್ಸೆಗಳ ಬಗ್ಗೆ 2013ರಲ್ಲಿ ಸಲ್ಲಿಕೆಯಾಗಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ತೀರ್ಮಾನಿಸುತ್ತ ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಆದೇಶಿಸಿತು. 40 ವರ್ಷದೊಳಗಿನವರಿಗೆ ಮಾಡುವ ಈ ಶಸ್ತ್ರಚಿಕಿತ್ಸೆಯ ಮೇಲೆ ವಿಶೇಷ ನಿಗಾ ಇಡಬೇಕೆಂಬುದು ಆ ಮಾರ್ಗಸೂಚಿಗಳ ಆಶಯ.

ಆದ್ದರಿಂದ ಈ ಸಲಹೆ ಬಂದ ದಿನ ಅಡ್ಮಿಟ್ ಆಗಬೇಡಿ. ವಿಪರೀತ ರಕ್ತಸ್ರಾವದಂಥ ಜೀವಾಪಾಯ ಇದ್ದಾಗ ಮಾತ್ರ ಇದಕ್ಕೆ ವಿನಾಯಿತಿ. ಗರ್ಭಕೋಶದ ಗಡ್ಡೆ ರಾತ್ರೋರಾತ್ರಿ ಕೊಲ್ಲುವುದಿಲ್ಲ, ಮತ್ತು ಸಾಮಾನ್ಯ ಫೈಬ್ರಾಯ್ಡ್ ಗಡ್ಡೆ ಕ್ಯಾನ್ಸರಾಗುವುದು ತೀರ ಅಪರೂಪ. “ನಾಳೆಯೇ ಮಾಡಿಸದಿದ್ದರೆ ಕ್ಯಾನ್ಸರ್” ಎಂದವರನ್ನು “ಕ್ಯಾನ್ಸರ್ ಅಂತ ಯಾವ ರಿಪೋರ್ಟ್ ಹೇಳುತ್ತೆ?” ಎಂದು ಕೇಳಿ. ಸ್ಕ್ಯಾನಿಂಗಿನ ಕಪ್ಪುಬಿಳುಪು ಚಿತ್ರ ಕ್ಯಾನ್ಸರನ್ನು ಖಚಿತಪಡಿಸುವುದಿಲ್ಲ; ಅದಕ್ಕೆ ಅಂಗಾಂಶದ ತುಣುಕು ತೆಗೆದು ಮಾಡುವ ಬಯಾಪ್ಸಿ ಬೇಕು. ಬಿಳಿಸೆರಗು ಎಷ್ಟೋ ಸಲ ಸೋಂಕಿನಿಂದ ಬರುವಂಥದ್ದು, ಮಾತ್ರೆಯಲ್ಲಿ ವಾಸಿಯಾಗುವಂಥದ್ದು. ಬರಿಯ ಸೊಂಟನೋವಿಗೆ ಗರ್ಭಕೋಶ ತೆಗೆಯುವುದಂತೂ ಯಾವ ಪುಸ್ತಕದಲ್ಲೂ ಇಲ್ಲ.

ಅತಿಸ್ರಾವಕ್ಕೆ ಬೇರೆ ದಾರಿಗಳಿವೆ. ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ, ಹಾರ್ಮೋನ್ ಮಾತ್ರೆ, ಗರ್ಭಕೋಶದೊಳಗೆ ಕೂರಿಸುವ ಹಾರ್ಮೋನ್ ವಂಕಿ, ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆ ಇವುಗಳಲ್ಲಿ ಯಾವುದನ್ನು ನನಗೆ ಪ್ರಯತ್ನಿಸಿದ್ದಾರೆ, ಯಾವುದು ನನಗೆ ಹೊಂದದು, ಏಕೆ ಎಂದು ಒಂದೊಂದಾಗಿ ಕೇಳಬೇಕು. ಕೊನೆಗೆ ಶಸ್ತ್ರಚಿಕಿತ್ಸೆಯೇ ಸರಿ ಎಂದು ತೀರ್ಮಾನವಾದರೂ ಒಂದು ಪ್ರಶ್ನೆ ಉಳಿಯುತ್ತದೆ, ಅದನ್ನು ಬಹಳ ಜನ ಕೇಳುವುದಿಲ್ಲ: “ಅಂಡಾಶಯ ಉಳಿಸ್ತೀರಾ, ತೆಗೀತೀರಾ?” ಮೂವತ್ತೈದರ ಹೆಂಗಸಿನ ಎರಡೂ ಅಂಡಾಶಯ ತೆಗೆದರೆ ಅವಳಿಗೆ ಮರುದಿನದಿಂದಲೇ ಮುಟ್ಟು ನಿಂತ ಸ್ಥಿತಿ, ಮೂಳೆ ಸವೆತವೂ ಹೃದಯದ ಕಾಯಿಲೆಯೂ ಬೇಗ ಬರುವ ಅಪಾಯ. ಕೆಲವರಿಗೆ ಶಸ್ತ್ರಚಿಕಿತ್ಸೆ ನಿಜಕ್ಕೂ ಬೇಕಾಗುತ್ತದೆ, ಅದರಿಂದ ವರ್ಷಗಳ ನರಳಾಟ ಮುಗಿದದ್ದೂ ಇದೆ. ಆದರೆ ಅದು ಎಲ್ಲವನ್ನೂ ತಿಳಿದು ಮಾಡಿದ ತೀರ್ಮಾನವಾಗಿರಬೇಕು.

ಎರಡನೇ ಅಭಿಪ್ರಾಯಕ್ಕೆ ಶಸ್ತ್ರಚಿಕಿತ್ಸೆಯಿಂದ ಲಾಭವಿಲ್ಲದ ಜಾಗವನ್ನು ಆರಿಸಿಕೊಳ್ಳುವುದು ಜಾಣತನ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು, ಅಂದರೆ ಬೆಂಗಳೂರಿನ ವಾಣಿ ವಿಲಾಸ, ಮೈಸೂರಿನ ಚೆಲುವಾಂಬ, ಜನ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಆಸ್ಪತ್ರೆ, ಕಲಬುರಗಿಯ ಜಿಮ್ಸ್ ಮುಂತಾದವು ಇದಕ್ಕೆ ಸೂಕ್ತ. ಸರದಿ ಉದ್ದವಿರುತ್ತದೆ, ಕೂರಲು ಜಾಗ ಇರದಿರಬಹುದು. ಒಂದು ದಿನ ಹೋದರೂ ನಷ್ಟವಿಲ್ಲ. ಮೊದಲ ವೈದ್ಯರ ಹೆಸರು ಹೇಳದೆ, ರಿಪೋರ್ಟುಗಳನ್ನಷ್ಟೇ ತೋರಿಸಿದರೆ ಮುಲಾಜಿಲ್ಲದ ಉತ್ತರ ಸಿಗುತ್ತದೆ.

ಸಹಿ ಯಾರದು

ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಕ್ಯಾಮೆರಾದಿಂದ ಒಳಗೆ ನೋಡುವ ಲ್ಯಾಪರೋಸ್ಕೋಪಿ ಪರೀಕ್ಷೆಗೆಂದು ಒಪ್ಪಿಗೆ ಕೊಟ್ಟು ಅರಿವಳಿಕೆಯಲ್ಲಿದ್ದ 44 ವರ್ಷದ ಅವಿವಾಹಿತ ಮಹಿಳೆಯೊಬ್ಬರ ಗರ್ಭಕೋಶವನ್ನೂ ಅಂಡಾಶಯಗಳನ್ನೂ, ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ವೈದ್ಯರು ತೆಗೆದುಹಾಕಿದ್ದರು. ಸಮೀರಾ ಕೊಹ್ಲಿ ಪ್ರಕರಣ ಎಂದು ಹೆಸರಾದ ಇದರಲ್ಲಿ ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ಎರಡು ಮಾತು ಸ್ಪಷ್ಟಪಡಿಸಿತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ. ಪ್ರಜ್ಞೆ ಬರುವವರೆಗೆ ಕಾಯಬಹುದಾಗಿದ್ದ ಸಂದರ್ಭದಲ್ಲಿ ವಯಸ್ಕ ಮಹಿಳೆಯ ಪರವಾಗಿ ತಾಯಿಯ ಸಹಿ ನಡೆಯುವುದಿಲ್ಲ. ಜೀವ ಉಳಿಸಲು ತಕ್ಷಣ ಮಾಡಲೇಬೇಕಾದದ್ದು ಮಾತ್ರ ಇದಕ್ಕೆ ಹೊರತು.

ಹೀಗಾಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಅದರಲ್ಲಿ ಯಾವ ಶಸ್ತ್ರಚಿಕಿತ್ಸೆ, ಯಾವ ಅಂಗ, ಎಡವೋ ಬಲವೋ ಎಂದು ಬರೆದಿದೆಯೇ ನೋಡಿ. ಖಾಲಿ ಜಾಗ ಬಿಟ್ಟ ಅರ್ಜಿಗೆ ಸಹಿ ಬೇಡ. ಅದು ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳುವಂತೆ ಕೇಳುವುದು ನಿಮ್ಮ ಹಕ್ಕು. ಮುಂಬೈಯಲ್ಲೋ ಹೈದರಾಬಾದಿನಲ್ಲೋ ನೆಲೆಸಿದ ಕನ್ನಡತಿಯೂ ತನಗೆ ಅರ್ಥವಾಗುವ ಭಾಷೆಯಲ್ಲಿ ವಿವರ ಕೇಳಬಹುದು. “ಅಗತ್ಯಬಿದ್ದರೆ ಇನ್ನಾವುದೇ ಶಸ್ತ್ರಚಿಕಿತ್ಸೆ” ಎಂಬ ಸಾಲು ಕಂಡರೆ, ಅದರ ಪಕ್ಕ “ನನ್ನನ್ನು ಕೇಳದೆ ಗರ್ಭಕೋಶ, ಅಂಡಾಶಯ ತೆಗೆಯಬಾರದು” ಎಂದು ಕೈಬರಹದಲ್ಲಿ ಸೇರಿಸಿ ಸಹಿ ಹಾಕಬಹುದು. ಗರ್ಭಪಾತಕ್ಕೂ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗೂ ವಯಸ್ಕ ಹೆಣ್ಣಿನ ಒಪ್ಪಿಗೆಯೊಂದೇ ಸಾಕು. ಗಂಡನ ಸಹಿ ಬೇಕೆಂದು ಹಲವು ಆಸ್ಪತ್ರೆಗಳು ಕೇಳುತ್ತವೆ, ಅದು ರೂಢಿಯೇ ಹೊರತು ಕಾನೂನಲ್ಲ. ಅವಿವಾಹಿತರೂ 24 ವಾರದವರೆಗಿನ ಗರ್ಭಪಾತದ ಅವಕಾಶದಿಂದ ಹೊರತಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿದೆ.

ಗಂಡು ವೈದ್ಯರು ಪರೀಕ್ಷಿಸುವಾಗ ಇನ್ನೊಬ್ಬ ಹೆಂಗಸು ಹಾಜರಿರಬೇಕು ಎಂಬುದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿದೆ. ಹೆರಿಗೆ ಕೋಣೆಗೂ ಇದೇ ಮಾತು ಅನ್ವಯ: ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ವೇಳೆ ಜೊತೆಗೊಬ್ಬ ಹೆಂಗಸನ್ನು ಇಟ್ಟುಕೊಳ್ಳಲು ಕೇಂದ್ರ ಸರ್ಕಾರ 2016ರಿಂದಲೇ ಅವಕಾಶ ಕೊಟ್ಟಿದೆ, 2017ರ ಲಕ್ಷ್ಯ ಕಾರ್ಯಕ್ರಮ ಗೌರವದ ಹೆರಿಗೆ ಆರೈಕೆಯನ್ನು ಗುಣಮಟ್ಟದ ಭಾಗವಾಗಿಸಿದೆ. ಬೈಗುಳ, ಕೆನ್ನೆಗೆ ಹೊಡೆತ, ಹೊಟ್ಟೆ ಒತ್ತಿ ಮಗು ತಳ್ಳುವುದು ಇವು ಹೆರಿಗೆಯ ಭಾಗವಲ್ಲ. ಜೊತೆಗಿರುವವರು ತಾರೀಕು, ಸಮಯ, ಹಾಜರಿದ್ದ ಸಿಬ್ಬಂದಿ ಯಾರು ಎಂದು ಗುರುತು ಹಾಕಿಕೊಂಡಿದ್ದರೆ ಆಮೇಲೆ ದೂರಿಗೆ ಬಲ ಬರುತ್ತದೆ.

ದಾಖಲೆ ಮತ್ತು ದೂರು

ಒಳರೋಗಿಯಾಗಿದ್ದವರ ದಾಖಲೆಗಳನ್ನು ವೈದ್ಯರು ಮೂರು ವರ್ಷ ಕಾಪಾಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯಕೀಯ ಮಂಡಳಿಯ 2002ರ ನಡತೆ ನಿಯಮಗಳು ಹೇಳುತ್ತವೆ. ಬಾಯಿಮಾತಿನಲ್ಲಿ ಕೇಳಿದರೆ “ಆಮೇಲೆ ಬನ್ನಿ” ಎನ್ನುತ್ತಾರೆ, ಆದ್ದರಿಂದ ಒಂದು ಸಾಲಿನ ಅರ್ಜಿ ಬರೆದು ಇನ್ನೊಂದು ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಡಿಸ್ಚಾರ್ಜ್ ಸಾರಾಂಶ ಮಾತ್ರವಲ್ಲ, ಕೇಸ್ ಶೀಟು, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಒಪ್ಪಿಗೆ ಪತ್ರ, ತೆಗೆದ ಅಂಗದ ಬಯಾಪ್ಸಿ ವರದಿ ಎಲ್ಲವನ್ನೂ ಹೆಸರಿಸಿ ಕೇಳಬೇಕು. ಕೊನೆಯದನ್ನು ಕೊಡಲು ಮೀನಮೇಷ ಎಣಿಸಿದರೆ ಅನುಮಾನಪಡಲು ಕಾರಣವಿದೆ.

ಚಿಕಿತ್ಸೆ ನಡೆಯುತ್ತಿರುವಾಗಲೇ ದೂರಿಗೆ ಇಳಿಯುವುದಕ್ಕಿಂತ ಮೊದಲು ಅಪಾಯದಿಂದ ಪಾರಾಗುವುದು, ಅಂದರೆ ಆಸ್ಪತ್ರೆ ಬದಲಿಸುವುದು ಮೇಲು. ಬಳಿಕ ದಾರಿಗಳು ಹಲವು. ಖಾಸಗಿ ಆಸ್ಪತ್ರೆಯ ವಿರುದ್ಧವಾದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವಿದೆ. ವೈದ್ಯರ ನಡತೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಬರೆಯಬಹುದು. ಪರಿಹಾರ ಬೇಕೆಂದರೆ ಜಿಲ್ಲಾ ಗ್ರಾಹಕರ ಆಯೋಗ. ಅಲ್ಲಿ ವಕೀಲರು ಕಡ್ಡಾಯವಲ್ಲ, ಆಸ್ಪತ್ರೆಗೆ ಕಟ್ಟಿದ ಮೊತ್ತ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವೂ ಇಲ್ಲ. ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆಗಳು 1995ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ, ಅವುಗಳ ಬಗ್ಗೆ ಜಿಲ್ಲಾ ಆರೋಗ್ಯಾಧಿಕಾರಿಗೆ, ಅಲ್ಲಿಂದ ಮೇಲಕ್ಕೆ ದೂರು ಹೋಗಬೇಕು. ಗ್ರಾಹಕರ ಆಯೋಗಕ್ಕೆ ಹೋಗಲು ಘಟನೆ ನಡೆದ ದಿನದಿಂದ ಎರಡು ವರ್ಷದ ಗಡುವಿದೆ. ದೇಹ ಚೇತರಿಸಿಕೊಳ್ಳಲು, ಮನೆಯವರನ್ನು ಒಪ್ಪಿಸಲು ಅದರಲ್ಲಿ ಬಹುಪಾಲು ಕಳೆದುಹೋಗುತ್ತದೆ. ಹಾಗಾಗಿ ದೂರು ಕೊಡುವ ಯೋಚನೆ ಇನ್ನೂ ಗಟ್ಟಿಯಾಗದಿದ್ದರೂ ದಾಖಲೆಗಳ ಅರ್ಜಿಯನ್ನು ಡಿಸ್ಚಾರ್ಜ್ ಆದ ವಾರದಲ್ಲೇ ಕೊಟ್ಟು, ಮೊಹರು ಬಿದ್ದ ಪ್ರತಿಯನ್ನು ಬಿಲ್ಲುಗಳ ಜೊತೆಗೆ ಇಟ್ಟುಕೊಳ್ಳಿ.